ಡಿಬಗ್ಗರ್ ಕೋಡ್ ಮುಟ್ಟಲು ಭಯವೇ? ಅದರ ರೀಡ್‌ಮಿ ತಿದ್ದಿ

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಆಗಾಗ ಕೇಳುತ್ತಾರೆ, ಓಪನ್ ಸೋರ್ಸ್‌ನಲ್ಲಿ ಏನಾದರೂ ಮಾಡಬೇಕು ಸರ್, ಎಲ್ಲಿಂದ ಶುರು ಮಾಡೋದು ಅಂತ. ಜಿಡಿಬಿಯಿಂದ ಮಾಡಿ. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಶುರು ಮಾಡಿದ ಡಿಬಗ್ಗರ್ (ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ) ಅದು, ಸಿ ಲ್ಯಾಬ್‌ನಲ್ಲಿ ಪ್ರೋಗ್ರಾಂ ಕ್ರ್ಯಾಶ್ ಆದಾಗ ನೀವೂ ಬಳಸಿರುತ್ತೀರಿ, ಅಲ್ವಾ? ಸದ್ಯಕ್ಕೆ ಅದರ ಕೋಡ್ ಬೇಡ. ಬಿಲ್ಡ್ (ಸೋರ್ಸ್‌ನಿಂದ ಓಡುವ ಪ್ರೋಗ್ರಾಂ ತಯಾರಿಸುವುದು) ಮತ್ತು ಟೆಸ್ಟ್ ಮಾಡುವುದು ಹೇಗೆ ಎಂದು ಹೇಳುವ ಕಡತಗಳನ್ನು ತೆಗೆಯಿರಿ: ಜಿಡಿಬಿ ಫೋಲ್ಡರ್‌ನ ರೀಡ್‌ಮಿ, ಟೆಸ್ಟ್‌ಸೂಟ್ ಫೋಲ್ಡರ್‌ನ ರೀಡ್‌ಮಿ. ನಿಮ್ಮದು ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಇನ್ನೂ ಒಳ್ಳೆಯದು. ಬರೆದವರ ಯಂತ್ರದಲ್ಲಿ ಬೇಕಾದ್ದೆಲ್ಲ ಯಾವತ್ತೋ ಕೂತಿರುತ್ತದೆ, ಎಡವುವ ಜಾಗ ಅವರಿಗೆ ಕಾಣುವುದಿಲ್ಲ.

ಮೊದಲು ಡಾಕರ್‌ನಲ್ಲಿ (ಲ್ಯಾಪ್‌ಟಾಪ್‌ನೊಳಗೇ ಕಂಟೇನರ್ ಎಂಬ ಪ್ರತ್ಯೇಕ ಪರಿಸರ ಕೊಡುವ ಸಾಧನ) ಏನೂ ಹಾಕದ ಖಾಲಿ ಉಬುಂಟು ತೆರೆಯಿರಿ. ಸೋರ್ಸ್ ಇಳಿಸುವಾಗ ಗಿಟ್ ಕ್ಲೋನ್‌ಗೆ ಡೆಪ್ತ್ 1 ಅಂತ ಕೊಟ್ಟರೆ ಹಳೇ ಇತಿಹಾಸವೆಲ್ಲ ಬರುವುದಿಲ್ಲ, ಇಂಟರ್ನೆಟ್ ಡೇಟಾ ಉಳಿತಾಯವಾಗುತ್ತದೆ. ಆಮೇಲೆ ರೀಡ್‌ಮಿಯಲ್ಲಿ ಇದ್ದಷ್ಟನ್ನೇ ಮಾಡಿ. ನಿಮಗೆ ಗೊತ್ತಿರುವುದನ್ನು ಸೇರಿಸಬೇಡಿ, ಇದೇ ಕಷ್ಟದ ಕೆಲಸ. ಕೈ ಸುಮ್ನೆ ಇರಲ್ಲ, ಎರರ್ ಬಂದ ತಕ್ಷಣ ಪ್ಯಾಕೇಜ್ ಹಾಕಿ ಮುಂದೆ ಹೋಗಿಬಿಡುತ್ತದೆ. ಹಾಗೆ ಹೋದ ಕಡೆಯೇ ರೀಡ್‌ಮಿಯ ತೂತು ಇರುವುದು. ಸ್ಕ್ರಿಪ್ಟ್ ಅನ್ನುವ ಕಮಾಂಡ್ ಹಾಕಿಟ್ಟರೆ ಟರ್ಮಿನಲ್‌ನಲ್ಲಿ ನಡೆದದ್ದೆಲ್ಲ ಒಂದು ಕಡತದಲ್ಲಿ ಉಳಿಯುತ್ತದೆ.

ಬಿಲ್ಡ್‌ಗೆ ಬೇರೆ ಫೋಲ್ಡರ್ ಮಾಡಿಕೊಂಡು ಅಲ್ಲಿಂದ ಕಾನ್ಫಿಗರ್ ಓಡಿಸಿ, ನಂತರ ಮೇಕ್ ಆಲ್-ಜಿಡಿಬಿ. ಜಿಎಂಪಿ, ಎಂಪಿಎಫ್ಆರ್ ಎಂಬ ಲೆಕ್ಕದ ಲೈಬ್ರರಿಗಳು ಇಲ್ಲ ಅಂತ ನಿಲ್ಲುತ್ತದೆ, ಕೈಪಿಡಿ ತಯಾರಿಸುವ ಮೇಕ್‌ಇನ್ಫೋ ಬೇಕು ಅನ್ನುತ್ತದೆ. ಬಿಡುಗಡೆಯಾದ ಟಾರ್ ಕಡತದಿಂದ ಬಿಲ್ಡ್ ಮಾಡಿದರೆ ಕೋಡ್ ತಯಾರಿಸುವ ಸಾಧನಗಳಾದ ಬೈಸನ್, ಫ್ಲೆಕ್ಸ್ ಬೇಡ, ಅವು ತಯಾರಿಸುವ ಕಡತಗಳು ಅದರೊಳಗೇ ಇರುತ್ತವೆ. ಗಿಟ್‌ನಿಂದ ತಂದರೆ ಎರಡೂ ಬೇಕು. ಇಂಥ ಸಣ್ಣ ವ್ಯತ್ಯಾಸಕ್ಕೇ ಹೊಸಬರ ಒಂದು ಸಂಜೆ ಹಾಳಾಗುತ್ತದೆ. ‘ಬೇಕಾದ ಲೈಬ್ರರಿಗಳನ್ನು ಹಾಕಿಕೊಳ್ಳಿ’ ಎಂದು ಬರೆಯುವುದು ‘ಉಪ್ಪು ರುಚಿಗೆ ತಕ್ಕಷ್ಟು’ ಅಂದ ಹಾಗೆ, ಗೊತ್ತಿದ್ದವರಿಗೆ ಮಾತ್ರ ಅರ್ಥ. ಪ್ಯಾಕೇಜ್ ಹೆಸರೇ ಬರೆಯಿರಿ: ಉಬುಂಟುವಿನಲ್ಲಿ ಲಿಬ್‌ಜಿಎಂಪಿ-ಡೆವ್, ಫೆಡೋರಾದಲ್ಲಿ ಜಿಎಂಪಿ-ಡೆವೆಲ್. ರ‍್ಯಾಮ್ ಕಡಿಮೆ ಇದ್ದರೆ ಮೇಕ್‌ಗೆ ಜೆ2 (ಒಮ್ಮೆಗೆ ಎರಡೇ ಕೆಲಸ) ಸಾಕು ಅಂತಲೂ ಒಂದು ಸಾಲು ಇರಲಿ.

ಟೆಸ್ಟ್ ಭಾಗದಲ್ಲಿ ಕೆಲಸ ಜಾಸ್ತಿ. ಮೇಕ್ ಚೆಕ್-ಜಿಡಿಬಿ ಓಡಲು ಟೆಸ್ಟ್ ನಡೆಸುವ ಡೆಜಾಗ್ನೂ ಬೇಕು, ಅದು ಓಡಲು ಎಕ್ಸ್‌ಪೆಕ್ಟ್ ಮತ್ತು ಟಿಕಲ್ ಕೂಡ ಬೇಕು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಬಿಲ್ಡ್ ಏನೋ ನಿಂತಲ್ಲಿಂದ ಮುಂದುವರಿಯುತ್ತದೆ, ಟೆಸ್ಟ್ ಹಾಗಲ್ಲ, ಮೊದಲಿನಿಂದ ಶುರು. ಅದಕ್ಕೇ ಮೇಕ್ ಚೆಕ್‌ಗೆ ಟೆಸ್ಟ್ಸ್ ಎಂಬ ಆಯ್ಕೆ ಕೊಟ್ಟು ಒಂದೋ ಎರಡೋ ಕಡತ ಮಾತ್ರ ಓಡಿಸುವುದನ್ನು ಮೊದಲೇ ಹೇಳಬೇಕು.

ಎಲ್ಲ ಸರಿ ಇದ್ದರೂ ಕೆಲವು ಟೆಸ್ಟ್ ಫೇಲ್ ಆಗಬಹುದು. ಹೊಸಬರು ಹೆದರುವುದು ಇಲ್ಲೇ. ಎಕ್ಸ್‌ಫೇಲ್ ಅಂದರೆ ಕಂಪೈಲರ್, ಆಪರೇಟಿಂಗ್ ಸಿಸ್ಟಂನಂಥ ಹೊರಗಿನ ತೊಂದರೆ, ಮೊದಲೇ ಗೊತ್ತಿದ್ದದ್ದು. ಕೆಫೇಲ್ ಅಂದರೆ ಜಿಡಿಬಿಯದೇ ಗೊತ್ತಿರುವ ಬಗ್. ಕೋಡ್ ಬದಲಿಸುವ ಮೊದಲು ಒಮ್ಮೆ ಟೆಸ್ಟ್ ಓಡಿಸಿ ಫಲಿತಾಂಶ ಇರುವ ಜಿಡಿಬಿ.ಸಮ್ ಕಡತವನ್ನು ಬೇರೆ ಕಡೆ ಎತ್ತಿಡಬೇಕು, ಬದಲಿಸಿದ ಮೇಲೆ ಬಂದದ್ದನ್ನು ಅದರ ಜೊತೆ ಹೋಲಿಸಬೇಕು. ಹೊಸದಾಗಿ ಬಿದ್ದದ್ದಷ್ಟೇ ನಿಮ್ಮ ತಲೆನೋವು. ಇನ್ನೊಂದು ಬಲೆ ಡಾಕರ್‌ನದೇ. ಪ್ರೋಗ್ರಾಂನ ಮೆಮೊರಿ ವಿಳಾಸಗಳು ಪ್ರತಿ ಸಲ ಬದಲಾಗದಂತೆ ಜಿಡಿಬಿ ತಡೆಯಲು ಹೋದರೆ ಡಾಕರ್ ಅನುಮತಿ ಕೊಡುವುದಿಲ್ಲ, ಎಚ್ಚರಿಕೆಯ ಸಾಲು ಬಂದು ಟೆಸ್ಟ್‌ಗಳು ವಿನಾಕಾರಣ ಬೀಳಬಹುದು. ಕಂಟೇನರ್ ಶುರು ಮಾಡುವಾಗಲೇ ಈ ತಡೆ ಹಾಕುವ ಸೆಕ್‌ಕಾಂಪ್ ಅನ್ನು ಅನ್‌ಕನ್‌ಫೈನ್ಡ್ ಮಾಡಿ.

ತಿದ್ದುವಾಗ ಪ್ರತಿ ಕಮಾಂಡ್‌ನ ಕೆಳಗೆ ಪರದೆಯಲ್ಲಿ ಏನು ಕಾಣಬೇಕು ಅಂತ ಬರೆಯಿರಿ, ಕಾಣದಿದ್ದರೆ ಯಾವ ಲಾಗ್ ನೋಡಬೇಕು ಅಂತಲೂ. ಟೆಕ್ಸ್‌ಇನ್ಫೋ ರೂಪದಲ್ಲಿರುವ ಜಿಡಿಬಿ ಕೈಪಿಡಿ ಮುಟ್ಟಿದ್ದರೆ ಮೇಕ್ ಇನ್ಫೋ ಓಡಿಸಿ ನೋಡಿ. ಬರೆದದ್ದನ್ನು ಹೊಸ ಕಂಟೇನರ್‌ನಲ್ಲಿ ಗೆಳೆಯರೊಬ್ಬರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ಕೂತು ಬಾಯಿ ಬಿಡಬೇಡಿ.

ತಿದ್ದಿದ್ದನ್ನು ಜಿಡಿಬಿಯ ಮೇಲಿಂಗ್ ಲಿಸ್ಟ್‌ಗೆ ಕಳಿಸುವುದು ಗಿಟ್ ಸೆಂಡ್-ಇಮೇಲ್‌ನಿಂದ, ಒಂದು ಪ್ಯಾಚ್‌ಗೆ (ಕಳಿಸುವ ತಿದ್ದುಪಡಿಗೆ) ಒಂದೇ ವಿಷಯ. ದೊಡ್ಡ ಬದಲಾವಣೆಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಹಕ್ಕುಸ್ವಾಮ್ಯದ ಕಾಗದ ಸಹಿ ಮಾಡಿಕೊಡಬೇಕು, ಸುಮಾರು 15 ಸಾಲಿನ ಒಳಗಿನದಕ್ಕೆ ಸಾಮಾನ್ಯವಾಗಿ ಬೇಡ. ಎರಡು ವಾರ ಕಳೆದರೂ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ‘ಪಿಂಗ್’ ಅಂತ ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.