ಪುಷ್ಯ ಮಳೆ ಗಾಳಿಗೆ ಮನೆ ತಯಾರಿ

ಮೂಡಿಗೆರೆ ಕಡೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ, ಪೇಟೆ ಬಿಟ್ಟು ತೋಟದ ಮನೆಗೆ ಬಂದಿರುವ ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ. ಮಳೆಗಿಂತ ಜಾಸ್ತಿ ಗಾಳಿಗೆ ತಯಾರಾಗಿ. ಆರಿದ್ರ, ಪುನರ್ವಸು ಮಳೆ ನಕ್ಷತ್ರಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಆಮೇಲೆ ಆಗಸ್ಟ್ ನಡುವಿನವರೆಗೆ ಬರುವ ಪುಷ್ಯದಲ್ಲೋ ಆಶ್ಲೇಷದಲ್ಲೋ ಗಾಳಿ ಎದ್ದರೆ ಮರ ಬುಡಸಮೇತ ಉರುಳುತ್ತದೆ. ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರವಾದರೆ ನಡುವಿಗೇ ಮುರಿಯುತ್ತದೆ. ಬೀಳುವುದು ಕರೆಂಟ್ ತಂತಿ ಮೇಲೇ!

ಕಾಫಿಗೆ ಹೇಗೂ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವುದು, ಮಾಡಿಸುತ್ತೀರಲ್ಲ, ಅದೇ ಆಳುಗಳ ಕೈಲಿ ಮನೆ ಮೇಲೆ ಬಾಗಿದ ಕೊಂಬೆಗಳನ್ನೂ ತೆಗೆಸಿ. ಮೇ ಮೊದಲ ವಾರದೊಳಗೆ ಆಗಲಿ. 2021ರಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದಿದ್ದು ಮೇ ಮಧ್ಯದಲ್ಲಿ. ಅದು ದಡ ಸೇರಿದ್ದು ದೂರದ ಗುಜರಾತಿನಲ್ಲಿ, ಆದರೂ ಅದರ ಮಳೆಗಾಳಿ ನಮ್ಮ ಘಟ್ಟವನ್ನೂ ಮುಟ್ಟಿತ್ತು. ಜೂನ್ ಬರಲಿ ಅಂತ ಕೂತವರ ಸೌದೆಯೆಲ್ಲ ನೆನೆದಿತ್ತು.

ಒಡೆದ ಹೆಂಚನ್ನು ಬಿಸಿಲಿರುವಾಗಲೇ ಬದಲಿಸಿ. ಗಾಳಿ ಮೊದಲು ಕೈ ಹಾಕುವುದು ಸೂರಿನ ಅಂಚಿನ ಸಾಲಿಗೆ. ಕೊಟ್ಟಿಗೆಯ ಶೀಟಿನ ಮೇಲೆ ಕಲ್ಲು ಹೇರುವ ಅಭ್ಯಾಸ ನನಗೆ ಒಂಚೂರೂ ಇಷ್ಟವಿಲ್ಲ. ಶೀಟು ಎದ್ದರೆ ಕಲ್ಲೂ ಜೊತೆಗೇ ಉರುಳುತ್ತದೆ. ಬೋಲ್ಟ್ ಹಾಕಿಸಿ. ಮತ್ತೆ, ಗಾಳಿ ಬೀಸುತ್ತಿರುವಾಗ ಮನೆಯ ಗಂಡಸರು ಮಾಡು ಹತ್ತಲು ಹೊರಡುತ್ತಾರೆ. ಬಿಡಬೇಡಿ. ಸೋರುವಲ್ಲಿ ಒಂದು ಪಾತ್ರೆ ಇಟ್ಟರಾಯಿತು. ಗಾಳಿ ಸ್ವಲ್ಪ ನಿಂತಿತಲ್ಲ ಅಂತ ಅಂಗಳಕ್ಕೂ ಇಳಿಯಬೇಡಿ. ಫ್ಲೋರಿಡಾದಲ್ಲಿರುವ ನಮ್ಮ ನೆಂಟರ ಹುಡುಗಿಯೂ ಇದನ್ನೇ ಹೇಳುತ್ತಾಳೆ. ಅಲ್ಲಿನ ಹರಿಕೇನ್ ಅನ್ನುವ ಚಂಡಮಾರುತದ ಗಾಳಿ ಗಂಟೆಗೆ 119 ಕಿಲೋಮೀಟರ್‌ಗೂ ಮೇಲಂತೆ. ಅದರ ನಡುಗಣ್ಣು, ಅಂದರೆ ಸುಳಿಯ ಮಧ್ಯದ ಜಾಗ, ತಲೆ ಮೇಲೆ ಬಂದಾಗ ಎಲ್ಲ ತಣ್ಣಗಾಗಿ, ಆಮೇಲೆ ಎದುರು ದಿಕ್ಕಿನಿಂದ ಗಾಳಿ ಹೊಡೆಯುತ್ತದೆ. ಅವರು ಕಿಟಕಿಗೆ ಪ್ಲೈವುಡ್ ಬಡಿದು, ಸ್ನಾನದ ತೊಟ್ಟಿ ತುಂಬಾ ನೀರು ಹಿಡಿದಿಡುತ್ತಾರೆ. ನಮ್ಮ ಬಚ್ಚಲ ಹಂಡೆ ಯಾವಾಗಲೂ ತುಂಬಿರಲಿ ಅನ್ನುವುದೂ ಅದಕ್ಕೇ. ಕರೆಂಟ್ ಹೋದರೆ ಬೋರಿನ ಮೋಟಾರು ಓಡುವುದಿಲ್ಲ, ಅಲ್ವಾ? ಹೊರಗೆ ಅಷ್ಟು ನೀರು ಸುರಿಯುತ್ತಿದ್ದರೂ ಕುಡಿಯಲು ಗತಿಯಿರುವುದಿಲ್ಲ. ಕೆಂಪಾದ ಬಾವಿ ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ.

ಇನ್ವರ್ಟರ್ ನಂಬಿ ಕೂರಬೇಡಿ. ಒಂದು ರಾತ್ರಿಗೆ ಅದರ ಕಥೆ ಮುಗಿಯುತ್ತದೆ. ಟಾರ್ಚ್, ಸೆಲ್ಲು, ಮೇಣದಬತ್ತಿ, ಬೆಂಕಿಪೊಟ್ಟಣ ಎಲ್ಲ ಒಂದೇ ಡಬ್ಬಿಯಲ್ಲಿರಲಿ. ಬೆಂಕಿಪೊಟ್ಟಣವನ್ನು ಅಕ್ಕಿಯ ಜೊತೆ ಗಾಜಿನ ಬಾಟಲಿಗೆ ಹಾಕಿ ಮುಚ್ಚಿಟ್ಟರೆ ಥಂಡಿ ಹಿಡಿಯುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ಫ್ರಿಜ್ಜಿಗಿಂತ ಅಟ್ಟವೇ ವಾಸಿ. ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಮಳೆಗಾಲ ದಾಟುತ್ತದೆ. ಒಂದಕ್ಕೊಂದು ತಾಗಬಾರದು, ತಾಗಿದಲ್ಲೇ ಕೊಳೆಯುವುದು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿಡಿ. ಹುರುಳಿ, ಒಣಮೆಣಸು, ಹುಣಸೆಹಣ್ಣು, ಬೆಲ್ಲ ಇದ್ದರೆ ಸಾರಿಗೆ ಯೋಚನೆಯಿಲ್ಲ. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಸಿಗುವ ಕಾಲವೂ ಇದೇ. ಆದರೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರು ದಿನವಾದ ಮೇಲೆ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿ ಕಳಲೆಯಲ್ಲಿ ವಿಷವಿದೆ. ಅವಸರ ಬೇಡ.

ಬಟ್ಟೆ ಒಣಗಿಸಲು ಅಗ್ಗಿಷ್ಟಿಕೆ ಹಾಕುವವರು ಒಂದು ಕಿಟಕಿ ತೆರೆದಿಡಿ. ಮಲಗುವ ಕೋಣೆಯಲ್ಲಂತೂ ಕೆಂಡ ಇಟ್ಟು ಬಾಗಿಲು ಹಾಕಬೇಡಿ. ಅದರ ಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಮಾತ್ರ ನನ್ನ ಮಾತು ಬೇರೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲೇ ಗುಡ್ಡ ಜಾರಿ ಮನೆಗಳು ಹೋದವು, ಚಾರ್ಮಾಡಿ ರಸ್ತೆ ಮುಚ್ಚಿತು. ಹಿತ್ತಲ ನೆಲದಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಕಂಬ ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಪಾತ್ರೆಪಗಡಿ ನೋಡುತ್ತಾ ನಿಲ್ಲಬೇಡಿ. ದನದ ಕಣ್ಣಿ ಬಿಚ್ಚಿ, ಮನೆಮಂದಿಯೆಲ್ಲ ಹೊರಡಿ. ಕಾಗದಪತ್ರ, ಮಾತ್ರೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರವೇ ಇರಲಿ.

ಗಾಳಿ ಪೂರ್ತಿ ಇಳಿದ ಮೇಲೆ ತಂತಿ ಬಿದ್ದಿದ್ದರೆ ಯಾರೂ ಹತ್ತಿರ ಸುಳಿಯಬಾರದು, ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ. ಬಿದ್ದ ಮರಕ್ಕೆ ಗರಗಸ ಹಾಕುವ ಕೆಲಸ ತಿಳಿದವರದ್ದು. ಬಾಗಿ ಸಿಕ್ಕಿಕೊಂಡ ಕೊಂಬೆಯನ್ನು ಕಡಿದ ತಕ್ಷಣ ಅದು ಚಿಮ್ಮಿ ಹೊಡೆಯುತ್ತದೆ. ಮಕ್ಕಳನ್ನು ಅಷ್ಟು ಹೊತ್ತು ಒಳಗೇ ಕೂರಿಸಿ.