ಬಳ್ಳಾರಿ ಬಿಸಿಲಲ್ಲೂ ವಿಮಾನಕ್ಕೆ ಐಸ್ ಕಟ್ಟುತ್ತದೆ: ಎಂಜಿನ್ ಬಾಯಿ ಅದನ್ನು ತಡೆಯುವುದು ಹೀಗೆ

ಏಪ್ರಿಲ್ ಬಂತೆಂದರೆ ಕಾರಟಗಿ, ಸಿಂಧನೂರು ಕಡೆ ರೈತರ ಕಣ್ಣು ಮೋಡದ ಮೇಲೇ ಇರುತ್ತದೆ. ಬೇಸಿಗೆ ಭತ್ತ ಕಟಾವಿಗೆ ನಿಂತಿರುತ್ತದೆ. ಮಧ್ಯಾಹ್ನದವರೆಗೆ ಸುಡು ಬಿಸಿಲು. ಸಂಜೆ ಇದ್ದಕ್ಕಿದ್ದಂತೆ ಗಾಳಿ, ಗುಡುಗು, ಆಮೇಲೆ ಆಣೆಕಲ್ಲು. ಹಿಂದೊಮ್ಮೆ ಕಾರಟಗಿಯಲ್ಲಿ ಅಕ್ಕನ ಮನೆ ಅಂಗಳದಲ್ಲಿ ಬಿದ್ದ ದಪ್ಪನೆಯ ಆಣೆಕಲ್ಲೊಂದನ್ನು ಎತ್ತಿಕೊಂಡು ಈಳಿಗೆಯಲ್ಲಿ ಎರಡು ಹೋಳು ಮಾಡಿದ್ದೆ. ಒಳಗೆ ಉಳ್ಳಾಗಡ್ಡಿಯ ಹಾಗೆ ಸುತ್ತು ಸುತ್ತು ಪದರ. ಒಂದು ಬಿಳಿ, ಒಂದು ಗಾಜಿನಂತೆ ತಿಳಿ. ಅದು ಅಂಗೈಯಲ್ಲಿ ಕರಗುವಷ್ಟರಲ್ಲೇ ಅಳಿಯ ಕೇಳಿದ: "ಮಾಮಾ, ಇಷ್ಟು ಬಿಸಿಲಾಗ ಮ್ಯಾಲೆ ಐಸ್ ಹೆಂಗ ಇರ್ತೈತಿ? ಹಂಗಾದ್ರೆ ವಿಮಾನಕ್ಕೂ ಐಸ್ ಹಿಡೀತೈತೇನು?"

ಹಿಡಿಯುತ್ತದೆ. ಮೇಲಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತಾ ಹೋಗುತ್ತದೆ. ಬಳ್ಳಾರಿಯಲ್ಲಿ ನೆಲದ ಮೇಲೆ 40 ಡಿಗ್ರಿ ಇದ್ದರೂ ಐದಾರು ಕಿಲೋಮೀಟರ್ ಮೇಲೆ ಸೊನ್ನೆ. ದೊಡ್ಡ ಜೆಟ್ ವಿಮಾನಗಳು ಹಾರುವ 11 ಕಿಲೋಮೀಟರ್ ಎತ್ತರದಲ್ಲಿ ಮೈನಸ್ 40ರಿಂದ 50ರ ಆಸುಪಾಸು. ಅಲ್ಲಿಗೆ ಏರುವಾಗ, ಅಲ್ಲಿಂದ ಇಳಿಯುವಾಗ ವಿಮಾನ ಈ ಆಣೆಕಲ್ಲು ಹುಟ್ಟುವ ಪದರವನ್ನು ದಾಟಲೇಬೇಕು. ಅದರಲ್ಲಿ ಎಲ್ಲಕ್ಕಿಂತ ನಾಜೂಕಾದ ಜಾಗ ಎಂಜಿನ್ ಬಾಯಿ, ಅಂದರೆ ಏರ್ ಇನ್‌ಟೇಕ್.

ಮೊದಲು, ಗಾಳಿ ಒಳಗೆ ಹೋಗುವ ಬಗೆ

ನೋಡುವುದಕ್ಕೆ ಅದು ಸುಮ್ನೆ ಒಂದು ದುಂಡನೆಯ ತೂತು. ಆದರೆ ಅದಕ್ಕೆ ದೊಡ್ಡ ಕೆಲಸವಿದೆ. ವಿಮಾನ ಗಂಟೆಗೆ 850 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಗಾಳಿಯೂ ಅದೇ ವೇಗದಲ್ಲಿ ಎದುರಿಗೆ ಬರುತ್ತದೆ. ಅಷ್ಟು ವೇಗದ ಗಾಳಿ ಒಳಗಿನ ಫ್ಯಾನ್‌ಗೆ ಒಗ್ಗುವುದಿಲ್ಲ. ಅದಕ್ಕೆ ಶಬ್ದದ ವೇಗದ ಅರ್ಧದಷ್ಟು, ಅಂದರೆ ಹೆಚ್ಚುಕಡಿಮೆ 550 ಕಿಲೋಮೀಟರ್ ವೇಗದ ಗಾಳಿ ಬೇಕು. ಅದೂ ಎಲ್ಲ ಕಡೆಯಿಂದ ಸಮನಾಗಿ ಬರಬೇಕು.

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸೇತುವೆಯ ಕೆಳಗೆ ಕಾಲುವೆ ಕಿರಿದಾದಾಗ ನೀರು ರಭಸದಿಂದ ಓಡುತ್ತದೆ. ಅಲ್ಲಿಂದ ಮುಂದೆ ದಂಡೆ ಅಗಲವಾದ ಕೂಡಲೇ ನಿಧಾನವಾಗುತ್ತದೆ, ಮಟ್ಟವೂ ತುಸು ಏರುತ್ತದೆ. ಎಂಜಿನ್ ಬಾಯಿಯೂ ಹಾಗೇ. ಅಂಚಿನ ಹತ್ತಿರ ತುಸು ಕಿರಿದು, ಒಳಕ್ಕೆ ಹೋದಂತೆ ಮೆಲ್ಲಗೆ ಅಗಲ. ಗಾಳಿ ನಿಧಾನವಾದಂತೆ ಒತ್ತಡ ಏರುತ್ತದೆ. ಈ ಕೆಲಸದ ಒಂದಿಷ್ಟು ಪಾಲು ಬಾಯಿಯ ಮುಂದೆ, ಬಯಲಲ್ಲೇ ಮುಗಿದಿರುತ್ತದೆ.

ಟೇಕಾಫ್ ಹೊತ್ತಿನಲ್ಲಿ ಕತೆ ಉಲ್ಟಾ. ವಿಮಾನ ಇನ್ನೂ ನಿಂತಿದೆ, ಎಂಜಿನ್ ಮಾತ್ರ ಪೂರ್ತಿ ಜೋರಲ್ಲಿದೆ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದಲೂ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಂಚು ಚೂಪಾಗಿದ್ದರೆ ಪಕ್ಕದಿಂದ ಬಂದ ಗಾಳಿ ತಿರುಗಲಾರದೆ ಸುಳಿ ಸುಳಿಯಾಗಿ ಒಡೆಯುತ್ತದೆ. ಅದಕ್ಕೇ ತುಟಿಯಂತೆ ದಪ್ಪನೆಯ, ದುಂಡಗಿನ ಅಂಚು. ಆ ತುಟಿಯ ಆಕಾರ ಒಂದಿಷ್ಟು ಕೆಟ್ಟರೂ ಫ್ಯಾನ್‌ಗೆ ಹೋಗುವ ಗಾಳಿ ಕೆಡುತ್ತದೆ. ತೀರಾ ಕೆಟ್ಟರೆ ಎಂಜಿನ್ ಉಸಿರು ತಪ್ಪಿ, ಒಳಗಿನ ಗಾಳಿ ಮುಂದಕ್ಕೇ ನುಗ್ಗಿ, ಢಂ ಢಂ ಎಂದು ಸದ್ದು ಮಾಡುತ್ತದೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ಐಸ್ ಬಂದು ಕೂರುವುದು ಸರಿಯಾಗಿ ಈ ತುಟಿಯ ಮೇಲೇ.

ಐಸ್ ಹೇಗೆ ಕಟ್ಟುತ್ತದೆ? ಮನೆಯಲ್ಲೇ ಮಾಡಿ ನೋಡಿ

ಅರ್ಧ ಲೀಟರಿನ, ಮುಚ್ಚಳ ತೆಗೆಯದ ನೀರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಗಾಜಿನದು ಬೇಡ, ಒಡೆಯುತ್ತದೆ. ಅದನ್ನು ಫ್ರೀಜರಿನಲ್ಲಿ ಮಲಗಿಸಿ ಇಡಿ. ಪಕ್ಕದಲ್ಲಿ ಅಷ್ಟೇ ದೊಡ್ಡ ಬಾಟಲಿಯಲ್ಲಿ ನಲ್ಲಿ ನೀರು ತುಂಬಿ ಇಡಿ. ಎರಡು ಗಂಟೆ ಬಿಟ್ಟು ಹತ್ತು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ನಲ್ಲಿ ನೀರು ಗಟ್ಟಿಯಾಗಲು ಶುರುವಾದಾಗ ಶುದ್ಧ ನೀರಿನ ಬಾಟಲಿ ಇನ್ನೂ ನೀರಾಗಿಯೇ ಇದ್ದರೆ, ಅಲುಗಿಸದೆ ಮೆಲ್ಲಗೆ ಹೊರಗೆ ತೆಗೆಯಿರಿ. ಈಗ ಮೇಜಿನ ಮೇಲೆ ಒಮ್ಮೆ ಕುಟ್ಟಿ. ಕಣ್ಣೆದುರೇ ಬಿಳಿ ಐಸ್ ಬಾಟಲಿಯ ಉದ್ದಕ್ಕೂ ಹರಡಿಕೊಂಡು ಹೋಗುತ್ತದೆ. ನನಗೆ ಮೂರನೇ ಸಲಕ್ಕೆ ಸರಿಯಾಗಿ ಬಂತು. ಆಗ ಅಳಿಯ ಹಾಕಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಮೋಡದಲ್ಲೂ ನಡೆಯುವುದು ಇದೇ. ಅಲ್ಲಿನ ಸಣ್ಣ ಹನಿಗಳು ಸೊನ್ನೆಗಿಂತ ಕೆಳಗೆ, ಮೈನಸ್ 10, ಮೈನಸ್ 20ರಲ್ಲೂ ನೀರಾಗಿಯೇ ತೇಲುತ್ತಿರುತ್ತವೆ. ಗಟ್ಟಿಯಾಗಲು ಅವಕ್ಕೆ ಒಂದು ಆಸರೆ ಬೇಕು, ಅಷ್ಟೇ. ವಿಮಾನ ಬಂದು ಬಡಿದ ಕೂಡಲೇ ತುಟಿಯ ಮೇಲೆ ಗಟ್ಟಿಯಾಗುತ್ತವೆ. ಪದರದ ಮೇಲೆ ಪದರ. ಆಣೆಕಲ್ಲು ಬೆಳೆಯುವುದೂ ಹೀಗೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹೊರಗೆ ಸೊನ್ನೆಗಿಂತ ಜಾಸ್ತಿ ಇದ್ದರೂ ಎಂಜಿನ್ ಬಾಯಲ್ಲಿ ಐಸ್ ಕಟ್ಟಬಹುದು. ಲಾರಿ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ, ಅಲ್ವಾ? ಗಾಳಿ ಹಿಗ್ಗಿ ರಭಸವಾಗಿ ಓಡಿದರೆ ತಂಪಾಗುತ್ತದೆ. ನಿಂತಲ್ಲೇ ಜೋರಾಗಿ ಓಡುವ ಎಂಜಿನ್ ಬಾಯಲ್ಲೂ ಹಾಗೇ ಆಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಮಂಜು, ಮಳೆ, ಮೋಡ ಏನಾದರೂ ಕಂಡರೆ ಎಂಜಿನ್ ಆಂಟಿ-ಐಸ್, ಅಂದರೆ ಐಸ್ ಕಟ್ಟದಂತೆ ಎಂಜಿನ್ ಬಾಯನ್ನು ಕಾಯಿಸುವ ವ್ಯವಸ್ಥೆ, ಹಾಕಬೇಕೆಂಬ ನಿಯಮ ಪೈಲಟ್‌ಗಳಿಗಿದೆ.

ಬಿಸಿ ಬರುವುದು ಎಂಜಿನ್ ಹೊಟ್ಟೆಯಿಂದಲೇ

ಸೈಕಲ್ಲಿಗೆ ಪಂಪ್ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಜೆಟ್ ಎಂಜಿನ್ನಿನ ಕಂಪ್ರೆಸರ್ ಗಾಳಿಯನ್ನು ಹಂತ ಹಂತವಾಗಿ ಒತ್ತುವಾಗ, ಇಂಧನ ಉರಿಯುವ ಮೊದಲೇ ಅದು ಕೆಲವು ನೂರು ಡಿಗ್ರಿ ಕಾದಿರುತ್ತದೆ. ಅದರಲ್ಲಿ ಸ್ವಲ್ಪವನ್ನು ಕದ್ದು ಒಂದು ಪೈಪಿನಲ್ಲಿ ಮುಂದಕ್ಕೆ ತರುತ್ತಾರೆ. ಇದಕ್ಕೆ ಬ್ಲೀಡ್ ಏರ್ ಎಂಬ ಹೆಸರು.

ಪೈಲಟ್ ಸ್ವಿಚ್ ಒತ್ತಿದಾಗ ವಾಲ್ವ್ ತೆರೆಯುತ್ತದೆ. ತುಟಿಯ ಒಳಗಡೆ ಸುತ್ತಲೂ ಟೊಳ್ಳು ಇದೆ. ಅಲ್ಲಿ ಸಾಲು ತೂತಿರುವ ಕೊಳವೆಯೊಂದು ಬಳೆಯಂತೆ ಸುತ್ತಿಕೊಂಡಿರುತ್ತದೆ. ಬಿಸಿಗಾಳಿ ಆ ತೂತುಗಳಿಂದ ತುಟಿಯ ಲೋಹಕ್ಕೆ ಒಳಗಿನಿಂದ ಬಡಿದು, ಅದನ್ನು ಕಾಯಿಸಿ, ಆಮೇಲೆ ಹೊರಗೆ ಹೋಗುತ್ತದೆ. ಹನಿ ಬಂದು ಬಿದ್ದರೆ ಆವಿಯಾಗುತ್ತದೆ, ಇಲ್ಲವೇ ನೀರಾಗಿಯೇ ಜಾರುತ್ತದೆ. ಅನೇಕ ವಿಮಾನಗಳ ಎಂಜಿನ್ ಅಂಚು ಬಣ್ಣವಿಲ್ಲದೆ ಬೆಳ್ಳಗೆ ಹೊಳೆಯುತ್ತಿರುತ್ತದಲ್ಲ, ಅದೇ ಈ ಕಾಯುವ ಜಾಗ.

ಇದು ಪುಕ್ಕಟೆ ಅಲ್ಲ. ಕದ್ದ ಗಾಳಿಯಷ್ಟು ಶಕ್ತಿ ಹೋಗುತ್ತದೆ, ಇಂಧನ ಜಾಸ್ತಿ ಸುಡುತ್ತದೆ. ಹಾಗಂತ ಯಾವಾಗಲೂ ಹಾಕಿಡಲೂ ಆಗುವುದಿಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಒಣ ಗಾಳಿಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಆಂಟಿ-ಐಸ್ ಹಾಕಿಡಬಾರದೆಂದು ಅಮೆರಿಕದ ವಿಮಾನಯಾನ ಆಡಳಿತ 2023ರಲ್ಲಿ ಆದೇಶಿಸಿತು. ಬಾಯಿಯ ಒಳಗೋಡೆ ಅತಿಯಾಗಿ ಕಾದು ಮುರಿಯುವ ಭಯ ಅದಕ್ಕೆ ಕಾರಣ.

ಫ್ಯಾನ್ ರೆಕ್ಕೆಗಳಿಗೆ ಈ ಬಿಸಿ ಬೇಕಿಲ್ಲ. ಅವು ತಿರುಗುವ ರಭಸಕ್ಕೆ ಐಸನ್ನು ಹೊರಕ್ಕೆ ಎಸೆಯುತ್ತವೆ. ನೆಲದ ಮೇಲೆ ನಿಧಾನಕ್ಕೆ ತಿರುಗುತ್ತಿದ್ದರೆ ಮಾತ್ರ ತೊಂದರೆ. ಅದಕ್ಕೇ ಹಿಮದ ಊರುಗಳಲ್ಲಿ ಹೊರಡುವ ಮುಂಚೆ ಎಂಜಿನ್ನನ್ನು ಆಗಾಗ ಸ್ವಲ್ಪ ಹೊತ್ತು ಜೋರು ಮಾಡುತ್ತಾರೆ.

ಆ ಸ್ವಿಚ್ ಹಾಕದ ದಿನ

1982ರ ಜನವರಿ 13. ವಾಷಿಂಗ್ಟನ್ನಿನಲ್ಲಿ ಹಿಮ ಬೀಳುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ಹೊರಟಿತು. ಎಂಜಿನ್ ಆಂಟಿ-ಐಸ್ ಹಾಕಿರಲಿಲ್ಲ. ಎಂಜಿನ್ ಬಾಯಲ್ಲಿ ಗಾಳಿಯ ಒತ್ತಡ ಅಳೆಯುವ ಸಣ್ಣ ನಳಿಕೆ ಐಸಿನಿಂದ ಕಟ್ಟಿಕೊಂಡಿತು. ಎಂಜಿನ್ ಬಲವನ್ನು ಒತ್ತಡದ ಅನುಪಾತವಾಗಿ ತೋರಿಸುವ ಕಾಕ್‌ಪಿಟ್‌ನ ಮೀಟರು 2.04 ತೋರಿಸುತ್ತಿತ್ತು. ನಿಜವಾಗಿ ಎಂಜಿನ್ ಕೊಡುತ್ತಿದ್ದದ್ದು 1.70 ಅಷ್ಟೇ. ರೆಕ್ಕೆಯ ಮೇಲೂ ಹಿಮವಿತ್ತು. ವಿಮಾನ ಏರಲಾರದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಬೆರಳಷ್ಟು ನಳಿಕೆಯ ತೂತು ಮುಚ್ಚಿದ್ದಕ್ಕೆ ಪೈಲಟ್ ಕೈಗೆ ತಪ್ಪು ಲೆಕ್ಕ ಸಿಕ್ಕಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಐಸ್ ಕಟ್ಟಿದ ಮೇಲೆ ಬಿಸಿ ಹಾಕುವುದೂ ಅಪಾಯವೇ. ದಪ್ಪನೆಯ ಹೆಪ್ಪು ಒಮ್ಮೆಲೇ ಕಳಚಿ ಫ್ಯಾನ್‌ಗೆ ಬಡಿಯುತ್ತದೆ. ಕಳಚಿದ ಐಸ್ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ: 1991ರ ಡಿಸೆಂಬರ್ 27ರಂದು ಸ್ವೀಡನ್ನಿನಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ವಿಮಾನದ ರೆಕ್ಕೆಯಿಂದ ಕಳಚಿದ ಐಸ್, ಬಾಲದ ಹತ್ತಿರವಿದ್ದ ಎರಡೂ ಎಂಜಿನ್ನುಗಳನ್ನು ಕೆಡಿಸಿತು. ಪೈಲಟ್ ಅದನ್ನು ಹೊಲದಲ್ಲಿ ಇಳಿಸಿದರು. ಒಳಗಿದ್ದ 129 ಜನರೂ ಬದುಕಿದರು.

ನಮ್ಮ ಕಡೆ ಬರುತ್ತಿದ್ದ ವಿಮಾನದಲ್ಲಿ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಉಡಾನ್ ಯೋಜನೆಯಲ್ಲಿ ಎಟಿಆರ್-72 ವಿಮಾನಗಳು ಬರುತ್ತಿದ್ದವು. ಮುಂದೆ ಪ್ರೊಪೆಲ್ಲರ್ ಇದ್ದರೂ ಅದರ ಎಂಜಿನ್ ಜೆಟ್ಟಿನ ಜಾತಿಯದ್ದೇ. ಪ್ರೊಪೆಲ್ಲರಿನ ಕೆಳಗೆ ಅದರ ಬಾಯಿ ಇದೆ. ಅದರ ಅಂಚಿಗೆ ಕಪ್ಪು ರಬ್ಬರ್ ಹಾಸಿರುತ್ತದೆ. ಇಲ್ಲಿ ಐಸನ್ನು ಕರಗಿಸುವುದಿಲ್ಲ. ತುಸು ಕಟ್ಟಿದ ಮೇಲೆ ರಬ್ಬರಿನೊಳಗೆ ಗಾಳಿ ತುಂಬಿ ಉಬ್ಬಿಸುತ್ತಾರೆ. ಐಸ್ ಹಪ್ಪಳದಂತೆ ಪುಡಿಯಾಗುತ್ತದೆ.

ಇದನ್ನು ಹೇಳಿದಾಗ ಅಳಿಯ ಬಿಡಲಿಲ್ಲ. "ಮತ್ತ ಆ ಚೂರು ಎಂಜಿನ್ ಒಳಗ ಹೋಗಂಗಿಲ್ಲೇನು?" ಒಳ್ಳೇ ಪ್ರಶ್ನೆ. ಆ ಬಾಯಿಯ ಒಳದಾರಿ ನೆಟ್ಟಗಿಲ್ಲ, ತಿರುವಿದೆ. ಭತ್ತ ತೂರುವಾಗ ಹೊಟ್ಟು ಗಾಳಿಯ ಜೊತೆ ಹೋಗುತ್ತದೆ, ಕಾಳು ತನ್ನ ಭಾರಕ್ಕೆ ತನ್ನ ದಾರಿ ಹಿಡಿಯುತ್ತದೆ. ಇಲ್ಲೂ ಹಗುರ ಗಾಳಿ ತಿರುಗಿ ಎಂಜಿನ್ನಿಗೆ ಹೋಗುತ್ತದೆ. ಭಾರದ ಐಸ್ ಚೂರು, ಕಲ್ಲು ತಿರುಗಲಾರದೆ ನೆಟ್ಟಗೆ ಹೋಗಿ ಹಿಂದಿನ ಕಿಂಡಿಯಿಂದ ಹೊರಗೆ ಬೀಳುತ್ತವೆ. ಅವನು ಅಂಗಳದಲ್ಲಿದ್ದ ಅಕ್ಕನ ಮೊರ ಎತ್ತಿಕೊಂಡು, ಅದನ್ನೇ ಬಾಯಿ ಮಾಡಿ, ಉಳಿದಿದ್ದ ನಾಲ್ಕು ಆಣೆಕಲ್ಲು ತೂರಿ ನೋಡಿದ.