ಆಕ್ಸಿಡೆಂಟ್ ಪರಿಹಾರದ ಕ್ಲೇಮ್: ಲಾಯರ್ ಹುಡ್ಕೋಕೆ ಮುಂಚೆ ಆಸ್ಪತ್ರೆ ರಿಜಿಸ್ಟರ್ ನೋಡಿ

ಗಾಡಿ ಗುದ್ದಿ ಕಾಲು ಮುರ್ಕೊಂಡವ್ರ ಮನೆಯವ್ರು ಮೊದ್ಲು ಕೇಳೋದು "ಒಳ್ಳೆ ಲಾಯರ್ ಯಾರಿದಾರೆ" ಅಂತ. ಲಾಯರ್ ಆಮೇಲೂ ಸಿಗ್ತಾರೆ ಬಿಡಿ. ಕ್ಲೇಮ್ ನಿಲ್ಲುತ್ತೋ ಬಿದ್ದೋಗುತ್ತೋ ಅನ್ನೋದು ಮೊದಲ ಒಂದೆರಡು ದಿನದಲ್ಲಿ ಆಸ್ಪತ್ರೆಲಿ, ಸ್ಟೇಷನ್‌ನಲ್ಲಿ ಏನು ಬರ್ಕೊಂಡ್ರು ಅನ್ನೋದ್ರ ಮೇಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ.

ಹೇಗಾಗುತ್ತೆ ನೋಡಿ. ಕ್ಯಾಶುವಾಲ್ಟಿಲಿ ಡ್ಯೂಟಿ ಡಾಕ್ಟರ್ "ಏನಾಯ್ತು" ಅಂತಾರೆ, ಕರ್ಕೊಂಡು ಬಂದಿರೋ ಭಾವಮೈದ ಗಾಬರಿಲಿ "ಬೈಕಿಂದ ಬಿದ್ಬಿಟ್ರು ಸಾರ್" ಅಂತಾನೆ, ಅವ್ರು ರಿಜಿಸ್ಟರಲ್ಲಿ "ಸೆಲ್ಫ್ ಫಾಲ್" ಅಂತ ಬರ್ದು ಮುಂದಿನ ಪೇಷಂಟ್ ಹತ್ರ ಹೋಗ್ತಾರೆ. ಬಿದ್ದಿದ್ದು ನಿಜ, ಆದ್ರೆ ಹಿಂದಿಂದ ಗೂಡ್ಸ್ ಆಟೋ ಗುದ್ದಿದ್ದಕ್ಕೆ ಬಿದ್ದಿದ್ದು, ಆ ಮಾತು ಎಲ್ಲೂ ಬರ್ಲಿಲ್ಲ. ಮುಂದೆ ಕೋರ್ಟಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲ್ರು ಆ ಒಂದು ಸಾಲು ಹಿಡ್ಕೊಂಡೇ "ತಾನೇ ಬಿದ್ದಿದ್ದು, ಇನ್ಶೂರೆನ್ಸ್ ಇರೋ ಗಾಡಿನ ಆಮೇಲೆ ಫಿಟ್ ಮಾಡಿದಾರೆ, ಅಂದ್ರೆ ಗುದ್ದದೇ ಇರೋ ಗಾಡಿ ಹೆಸ್ರು ಸೇರ್ಸಿದಾರೆ" ಅಂತ ವಾದ ಮಾಡ್ತಾರೆ. ಗಾಡಿ ಫಿಟ್ ಮಾಡೋರು ನಿಜವಾಗ್ಲೂ ಇರೋದ್ರಿಂದ ಜಡ್ಜಿಗೂ ಅನುಮಾನ ಬಂದೇ ಬರುತ್ತೆ, ಯಾರೋ ಮಾಡಿದ್ದಕ್ಕೆ ನೀವು ಅನುಭವಿಸ್ಬೇಕು. ಹಾಗಾಗಿ ಜೊತೆಗೆ ಹೋದವ್ರು ಯಾವ ಗಾಡಿ ಗುದ್ದಿದ್ದು, ಎಲ್ಲಿ, ಎಷ್ಟೊತ್ತಿಗೆ ಅಂತ ಬಾಯ್ಬಿಟ್ಟು ಹೇಳಿ, ನಂಬರ್ ಗೊತ್ತಿದ್ರೆ ಅದನ್ನೂ ಬರ್ಸಿ, ಎಂಎಲ್‌ಸಿ (ಪೊಲೀಸ್ರಿಗೆ ತಿಳಿಸ್ಬೇಕಾದ ಕೇಸ್ ಅಂತ ಆಸ್ಪತ್ರೆ ಮಾಡೋ ದಾಖಲೆ) ಮಾಡಿದಾರಾ ಅಂತ ಕೇಳಿ. ತಪ್ಪು ಬರ್ದಿದ್ರೆ ಆಗ್ಲೇ ಡಾಕ್ಟರ್ ಹತ್ರ ಸರಿ ಮಾಡ್ಸಿ ಸಹಿ, ತಾರೀಖು ಹಾಕ್ಸಿ. ಸಹಿ ಇಲ್ದೆ ಹೊಡೆದು ತಿದ್ದಿದ ಹಾಳೆ ಇನ್ನೂ ಅಪಾಯ.

ಎರಡ್ನೇದು ಎಫ್‌ಐಆರ್. ಗುದ್ದಿದವ್ನು ರೋಡಲ್ಲೇ ಕೈಗೆ ಐದು ಸಾವಿರ ಇಟ್ಟು "ಕಂಪ್ಲೇಂಟ್ ಬೇಡ ಅಣ್ಣ, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ" ಅಂತಾನೆ, ಆಪರೇಷನ್ ಎಸ್ಟಿಮೇಟ್ ನೋಡಿದ್ಮೇಲೆ ಫೋನ್ ಸ್ವಿಚ್ ಆಫ್. ಮೂಳೆ ಮುರಿದಿದ್ರೆ ರಾಜಿ ಮಾತು ಬೇಡ್ವೇ ಬೇಡ. ಗಾಯ ಆದವ್ರೇ ಹೋಗ್ಬೇಕು ಅಂತೇನಿಲ್ಲ, ನೋಡಿದವ್ರು ಯಾರು ಬೇಕಾದ್ರೂ ಕಂಪ್ಲೇಂಟ್ ಕೊಡ್ಬಹುದು. ತಡ ಆಗಿದ್ರೆ ಯಾಕೆ ಅಂತ (ಐಸಿಯುಲಿದ್ರು, ಮನೇಲಿ ಬೇರೆ ಯಾರೂ ಇರ್ಲಿಲ್ಲ, ಏನಿದ್ಯೋ ಅದು) ಕಂಪ್ಲೇಂಟ್ ಒಳಗೇ ಬರೀರಿ. ಈಗಿನ ಕೇಸಲ್ಲಿ ಬಿಎನ್‌ಎಸ್ (ಐಪಿಸಿ ಬದ್ಲು ಬಂದಿರೋ ಹೊಸ ಕಾನೂನು) 281, 125 ಅಂತ ಸೆಕ್ಷನ್ ಇರುತ್ತೆ, ಹಳೇ ಐಪಿಸಿಲಿ 279, 337, 338 ಇತ್ತಲ್ಲ, ಅದೇ. ಆಮೇಲೆ ಸ್ಪಾಟ್ ಮಹಜರ್ (ಆಕ್ಸಿಡೆಂಟ್ ಆದ ಜಾಗ ನೋಡಿ ಪೊಲೀಸ್ರು ಬರ್ಕೊಳ್ಳೋದು), ಸ್ಕೆಚ್, ಗಾಡಿ ನೋಡಿ ಮೋಟಾರ್ ಇನ್‌ಸ್ಪೆಕ್ಟರ್ ಕೊಡೋ ಐಎಂವಿ ರಿಪೋರ್ಟ್, ಏನೇನು ಗಾಯ ಅಂತ ಡಾಕ್ಟರ್ ಕೊಡೋ ವೂಂಡ್ ಸರ್ಟಿಫಿಕೇಟ್, ಕೊನೆಗೆ ಚಾರ್ಜ್‌ಶೀಟ್, ಇವೆಲ್ಲದರ ಕಾಪಿ ತಗೊಳ್ಳಿ. 2022ರಿಂದ ಪೊಲೀಸ್ರು 48 ಗಂಟೆಲಿ ಮೊದಲ ರಿಪೋರ್ಟು, 90 ದಿನದಲ್ಲಿ ಪೂರ್ತಿ ರಿಪೋರ್ಟು ಟ್ರಿಬ್ಯುನಲ್‌ಗೆ (ಆಕ್ಸಿಡೆಂಟ್ ಪರಿಹಾರದ ಕೇಸ್ ನಡ್ಸೋ ಕೋರ್ಟಿಗೆ) ಕೊಡ್ಬೇಕು ಅಂತ ರೂಲ್ ಇದೆ, ಆದ್ರೂ ಅದನ್ನೇ ನಂಬ್ಕೊಂಡು ಕೂತ್ಕೋಬೇಡಿ.

ಯಾಕಂದ್ರೆ ಅರ್ಜಿ ಹಾಕೋಕೆ ಟೈಮ್ ಲಿಮಿಟ್ ಇದೆ. 2022 ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಆಕ್ಸಿಡೆಂಟ್ ಆಗಿ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು. ಈ ರೂಲ್ ಬಗ್ಗೆ ಸುಪ್ರೀಂ ಕೋರ್ಟಲ್ಲೇ ತಕರಾರು ಹೋಗಿದೆ, ಹಾಗಂತ ಆ ಧೈರ್ಯದ ಮೇಲೆ ತಡ ಮಾಡ್ಬೇಡಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 166ರ ಅರ್ಜಿ ಹೋಗೋದು ಎಂಎಸಿಟಿಗೆ, ಅಂದ್ರೆ ಮೇಲೆ ಹೇಳಿದ ಟ್ರಿಬ್ಯುನಲ್‌ಗೆ, ಬೆಂಗಳೂರಲ್ಲಾದ್ರೆ ಸ್ಮಾಲ್ ಕಾಸಸ್ ಕೋರ್ಟು, ಬೇರೆ ಕಡೆ ನಿಮ್ ಊರಿನ ಕೋರ್ಟಲ್ಲೇ. ಆಕ್ಸಿಡೆಂಟ್ ಹುಬ್ಬಳ್ಳಿಲಿ ಆಗಿ ನೀವು ಮೈಸೂರಲ್ಲಿದ್ರೆ ಮೈಸೂರಲ್ಲೇ ಹಾಕ್ಬಹುದು, ಅಲ್ಲಿರೋದಕ್ಕೆ ದಾಖಲೆ ಇರ್ಲಿ ಅಷ್ಟೆ.

ಎದುರುಪಾರ್ಟಿ ಗುದ್ದಿದ ಗಾಡಿ ಓನರ್ ಮತ್ತೆ ಅವ್ನ ಇನ್ಶೂರೆನ್ಸ್ ಕಂಪನಿ. ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆಪಲ್ಲಿ ನೋಡಿ, ಆಕ್ಸಿಡೆಂಟ್ ದಿನ ಪಾಲಿಸಿ ಚಾಲ್ತಿಲಿತ್ತಾ ಅನ್ನೋದೇ ಮುಖ್ಯ. ಸರ್ಕಾರಿ ಬಸ್ ಆಗಿದ್ರೆ ಸಾರಿಗೆ ನಿಗಮದ ಮೇಲೇ ಕೇಸು, ದುಡ್ಡು ಕೊಡ್ಲಿಲ್ಲ ಅಂದ್ರೆ ಕೋರ್ಟಿನವ್ರು ಬಸ್ ಜಪ್ತಿ ಮಾಡೋದನ್ನ ಪೇಪರಲ್ಲಿ ನೋಡೇ ಇರ್ತೀರ. ಗುದ್ದಿ ಓಡಿಹೋಗಿ ಗಾಡಿ ಸಿಗ್ಲೇ ಇಲ್ಲ ಅಂದ್ರೆ ಹಿಟ್ ಅಂಡ್ ರನ್ ಸ್ಕೀಮಲ್ಲಿ ಜೀವ ಹೋದ್ರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಅದಕ್ಕೆ ಬೇರೆ ಅರ್ಜಿ. ನಿಜವಾಗ್ಲೂ ನೀವೇ ಸ್ಕಿಡ್ ಆಗಿ ಬಿದ್ದಿದ್ರೆ ಬೇರೆಯವ್ರ ಗಾಡಿ ಹೆಸ್ರು ತರ್ಬೇಡಿ, ಫಿಟ್ಟಿಂಗ್ ಕೇಸಲ್ಲಿ ಜೈಲು ನೋಡ್ಬೇಕಾಗುತ್ತೆ.

ದುಡ್ಡಿನ ಲೆಕ್ಕಕ್ಕೆ ಬರೋಣ, ಜನ ಸುಮ್ನೆ 25 ಲಕ್ಷ ಅಂತ ಬರ್ಸಿ ಆಮೇಲೆ ಮೋಸ ಆಯ್ತು ಅಂತಾರೆ. ವಯಸ್ಸು 32, ತಿಂಗಳ ದುಡಿಮೆ 15,000, ಕಾಲಿನ ಮೂಳೆ ಮುರಿದು ಡಾಕ್ಟರ್ ಆ ಕಾಲಿಗೆ 36% ಡಿಸಬಿಲಿಟಿ ಅಂದ್ರು ಅನ್ಕೊಳ್ಳಿ. ನಮ್ ಕೋರ್ಟುಗಳು ಸಾಮಾನ್ಯವಾಗಿ ಅದ್ರಲ್ಲಿ ಮೂರರಲ್ಲಿ ಒಂದು ಪಾಲನ್ನ, ಅಂದ್ರೆ 12% ಅನ್ನ, ಇಡೀ ದೇಹಕ್ಕೆ ಅಂತ ತಗೋತಾರೆ. 31ರಿಂದ 35 ವಯಸ್ಸಿಗೆ ಮಲ್ಟಿಪ್ಲೈಯರ್ (ವಯಸ್ಸು ನೋಡಿ ವರ್ಷದ ದುಡಿಮೆನ ಗುಣಿಸೋ ಸಂಖ್ಯೆ) 16. ವರ್ಷಕ್ಕೆ 1,80,000, ಗುಣಿಸು 16, ಅದ್ರಲ್ಲಿ 12% ಅಂದ್ರೆ 3,45,600. ಇದು ದುಡಿಮೆ ನಷ್ಟ ಮಾತ್ರ. ಆಸ್ಪತ್ರೆ ಬಿಲ್ಲು, ನೋವಿಗೆ, ಮಲಗಿದ್ದ ತಿಂಗಳ ಸಂಬಳ, ನೋಡ್ಕೊಂಡವ್ರ ಖರ್ಚು, ಓಡಾಟ, ಮೂಳೆಗೆ ಹಾಕಿದ ಪ್ಲೇಟ್ ಮುಂದೆ ತೆಗ್ಸೋ ಆಪರೇಷನ್, ಎಲ್ಲ ಬೇರೆ ಬೇರೆ ಬಾಬ್ತಲ್ಲಿ ಸೇರುತ್ತೆ. ಆದ್ರೆ ಅದೇ ಕಾಲು ಗಾರೆ ಕೆಲಸದವ್ರದ್ದಾಗಿದ್ರೆ, ಏಣಿ ಹತ್ತೋಕೇ ಆಗಲ್ಲ ಅಂದ್ರೆ, 12% ಸಾಲಲ್ಲ. ಶೇಕಡಾವಾರು ಅಂಗಕ್ಕಲ್ಲ, ದುಡಿಯೋ ಶಕ್ತಿಗೆ ನೋಡ್ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್‌ಕುಮಾರ್ ಕೇಸಲ್ಲಿ ಹೇಳಿದೆ. ಅದಕ್ಕೆ ಸಾಕ್ಷಿ ಹೇಳೋಕೆ ಬರೋ ಡಾಕ್ಟರ್ ನಿಮಗೆ ಟ್ರೀಟ್ ಮಾಡಿದವ್ರೇ ಆಗಿದ್ರೆ ಉತ್ತಮ, "ಏಣಿ ಹತ್ತೋಕೆ, ಚಕ್ಕಳಮಕ್ಕಳ ಹಾಕೋಕೆ, ಭಾರ ಎತ್ತೋಕೆ ಆಗಲ್ಲ" ಅಂತ ಅವ್ರ ಬಾಯಲ್ಲಿ ಬರ್ಬೇಕು. ಸಂಬಳದ ದಾಖಲೆ ಇಲ್ಲದಿದ್ರೆ ಕೋರ್ಟು ಆ ವರ್ಷಕ್ಕೆ ಇಷ್ಟು ಅಂತ ಕಾನೂನು ಸೇವೆಗಳ ಪ್ರಾಧಿಕಾರದ ಚಾರ್ಟ್ ನೋಡಿ ಅಂದಾಜು ಆದಾಯ ಹಾಕುತ್ತೆ, ನಿಮ್ ದುಡಿಮೆ ಅದಕ್ಕಿಂತ ಜಾಸ್ತಿ ಇದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇ ಹಿಸ್ಟರಿ ಏನಿದ್ಯೋ ತೆಗೆದಿಡಿ. ಬಿಲ್ಲು ಅಷ್ಟೇ ಅಲ್ಲ, ಎಕ್ಸ್‌ರೇ ಫಿಲ್ಮೂ ಬಿಸಾಕ್ಬೇಡಿ.

ಲಾಯರ್ ವಿಷ್ಯ. ವಾರ್ಡಿಗೇ ಬಂದು "ಒಂದು ರೂಪಾಯಿ ಕೊಡ್ಬೇಡಿ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್" ಅನ್ನೋ ಏಜೆಂಟ್ರು ಸಿಗ್ತಾರೆ, ಪರ್ಸೆಂಟೇಜ್ ಫೀಸು ಬಾರ್ ಕೌನ್ಸಿಲ್ ರೂಲ್ ಪ್ರಕಾರ ತಪ್ಪು, ಖಾಲಿ ಪೇಪರ್‌ಗೆ, ಖಾಲಿ ಚೆಕ್‌ಗೆ ಸಹಿ ಅಂತೂ ಹಾಕ್ಲೇಬೇಡಿ. ದುಡ್ಡಿಲ್ಲದಿದ್ರೆ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100ಗೆ ಫೋನ್ ಮಾಡಿ, ಹೆಂಗಸ್ರಿಗೆ, ಎಸ್‌ಸಿ-ಎಸ್‌ಟಿಯವ್ರಿಗೆ, ಕಡಿಮೆ ಆದಾಯದವ್ರಿಗೆ ವಕೀಲ್ರನ್ನ ಫ್ರೀಯಾಗಿ ಕೊಡ್ತಾರೆ.

ಲೋಕ ಅದಾಲತ್‌ನಲ್ಲಿ (ರಾಜಿ ಮಾಡ್ಸೋ ಅದಾಲತ್) ಇನ್ಶೂರೆನ್ಸ್ ಕಂಪನಿಯವ್ರು ಒಂದು ಮೊತ್ತ ಹೇಳ್ತಾರೆ, ಮೇಲಿನ ಲೆಕ್ಕ ಪಕ್ಕದಲ್ಲಿ ಇಟ್ಕೊಂಡು ಮಾತಾಡಿ, ಒಪ್ಕೊಂಡ್ಮೇಲೆ ಅಪೀಲಿಲ್ಲ. ಕೋರ್ಟ್ ತೀರ್ಪೇ ಬಂದು ಕಡಿಮೆ ಅನ್ಸಿದ್ರೆ 90 ದಿನದೊಳಗೆ ಹೈಕೋರ್ಟಿಗೆ, ಉತ್ತರ ಕರ್ನಾಟಕದ ಕಡೆಯವ್ರಿಗೆ ಧಾರವಾಡ, ಕಲಬುರಗಿ ಪೀಠ ಇದೆ. ಬಂದ ದುಡ್ಡಲ್ಲಿ ಒಂದು ಭಾಗನ ಕೋರ್ಟು ಎಫ್‌ಡಿ ಇಡ್ಸೋದುಂಟು. ನಡುವೆ ಪ್ಲೇಟ್ ತೆಗ್ಸೋಕೆ ದುಡ್ಡು ಬೇಕಾದ್ರೆ ಆಸ್ಪತ್ರೆ ಎಸ್ಟಿಮೇಟ್ ಹಚ್ಚಿ ಅದೇ ಕೋರ್ಟಿಗೆ ಅರ್ಜಿ ಹಾಕಿ, ಬ್ಯಾಂಕಿನವ್ರ ಹತ್ರ ಜಗಳ ಆಡಿದ್ರೆ ಅವ್ರ ಕೈಲಿ ಏನೂ ಇಲ್ಲ.